ವಿಪತ್ಕಾಲದ ಲೆಕ್ಕ ಮತ್ತು ನಮ್ಮ ನುಡಿ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



'ಸಹನೆ' ಎಂದರೆ ನಮ್ಮಲ್ಲಿ ತಾಳ್ಮೆ. ಸಿಂಹಳದಲ್ಲಿ 'ಸಹನ' ಎಂಬುದಕ್ಕೆ ಪರಿಹಾರವೆಂದು ಅರ್ಥ. 2004ರ ಡಿಸೆಂಬರ್ 26ರಂದು ಸುನಾಮಿಯು ಶ್ರೀಲಂಕೆಯಲ್ಲಿ 30,000ಕ್ಕೂ ಮಿಕ್ಕ ಜನರನ್ನು ಬಲಿತೆಗೆದುಕೊಂಡ ತರುವಾಯ ಈ ಹೆಸರಿನ ಗಣಕ ತಂತ್ರಾಂಶವೊಂದು ಅಲ್ಲಿ ಹುಟ್ಟಿತು.

ವಿಪತ್ತಿನಲ್ಲಿ ಅನ್ನಬಟ್ಟೆಯಷ್ಟೇ ಅಗತ್ಯವಾದುದು ಲೆಕ್ಕ. ಒಂದು ಶಿಬಿರಕ್ಕೆ ಅಕ್ಕಿ ಎರಡು ಸಲ ಬರುತ್ತದೆ. ಇನ್ನೊಂದಕ್ಕೆ ಬರುವುದೇ ಇಲ್ಲ. ತಾಯಿ ಒಂದೆಡೆ, ಮಗು ಇನ್ನೊಂದೆಡೆ; ಒಬ್ಬರ ಸುಳಿವು ಇನ್ನೊಬ್ಬರಿಗಿಲ್ಲ. ಲಂಕೆಯ ತಂತ್ರಾಂಶ ಕಂಪೆನಿಗಳ ನೌಕರರು ಲಂಕಾ ಸಾಫ್ಟ್‌ವೇರ್ ಫೌಂಡೇಶನ್ನಿನ ಆಶ್ರಯದಲ್ಲಿ ಸೇರಿ, ಕೆಲವೇ ವಾರಗಳಲ್ಲಿ ಕಾಣೆಯಾದವರ, ಶಿಬಿರಗಳ, ನೆರವಿನ ಸಂಸ್ಥೆಗಳ, ಬೇಡಿಕೆಗಳ ದಾಖಲೆಯನ್ನು ಗಣಕದಲ್ಲಿ ಅಣಿಗೊಳಿಸಿದರು. ಕಂಪೆನಿಯೊಂದು ಹಣ ಕೊಡುವುದು ಸುಲಭ. ತನ್ನ ನೌಕರರ ವಿದ್ಯೆಯನ್ನೂ ವೇಳೆಯನ್ನೂ ಕೊಡುವುದು ಅದಕ್ಕಿಂತ ಹಿರಿದೆಂದು ನಾನು ಎಣಿಸುತ್ತೇನೆ.

ಅವರು ಅದರ ಮೂಲ ಬರಹಕ್ಕೆ ಬೀಗ ಹಾಕಲಿಲ್ಲ. ಯಾರೇ ಆಗಲಿ ಅದನ್ನು ಓದಬಹುದು, ತಿದ್ದಬಹುದು, ತಮ್ಮ ನುಡಿಗೆ ತಂದುಕೊಳ್ಳಬಹುದು. ಮುಕ್ತ ತಂತ್ರಾಂಶವೆಂದರೆ ಇದೇ. ಆದುದರಿಂದಲೇ 2005ರಲ್ಲಿ ಪಾಕಿಸ್ತಾನದ ಭೂಕಂಪಕ್ಕೂ, 2006ರಲ್ಲಿ ಫಿಲಿಪೀನ್ಸ್‌ನ ಭೂಕುಸಿತಕ್ಕೂ, 2010ರಲ್ಲಿ ಹೈಟಿಯ ಭೂಕಂಪಕ್ಕೂ ಅದು ಒದಗಿತು.

ದೂರದ ಮಾತೇಕೆ? 2018ರ ಆಗಸ್ಟ್ ತಿಂಗಳ ಮಹಾನೆರೆಯಲ್ಲಿ ನಮ್ಮ ಕೇರಳದ ತರುಣ ತಂತ್ರಜ್ಞರು ರಾಜ್ಯದ ಐ.ಟಿ. ಮಿಷನ್ನಿನೊಡನೆ ಕೂಡಿ 'ಕೇರಳ ರೆಸ್ಕ್ಯೂ' ಎಂಬ ತಾಣವನ್ನು ಕಟ್ಟಿದರು. ಮಾಳಿಗೆಯ ಮೇಲೆ ಸಿಲುಕಿದವರ ಮೊರೆ ಅದರ ಮೂಲಕ ರಕ್ಷಕರಿಗೆ ಮುಟ್ಟಿತು. ಅದರ ಮೂಲ ಬರಹವೂ ಮುಕ್ತವಾಗಿಯೇ ಇತ್ತು.

ಈ ವಿಷಯವನ್ನು ಕನ್ನಡ ಸಂಘದ ವೇದಿಕೆಯಲ್ಲಿ ಎತ್ತಿದುದಕ್ಕೆ ಕಾರಣವಿದೆ. ಸರಕಾರಕ್ಕೆ ಕನ್ನಡದಲ್ಲಿ ಪತ್ರ ಬರೆಯುವ ಹಕ್ಕನ್ನು ಕೇರಳದ ಅಧಿಕೃತ ಭಾಷಾ ಕಾಯಿದೆಯೇ ನಮಗೆ ಕೊಟ್ಟಿದೆ. ಆದರೆ ನೀರು ಹೊಸ್ತಿಲು ದಾಟಿದಾಗ ಪತ್ರ ಬರೆಯುವ ವೇಳೆಯೆಲ್ಲಿ? ಕನ್ನಡವೊಂದನ್ನೇ ಓದಬಲ್ಲ ಅಜ್ಜಿಯ ಕೈಯಲ್ಲಿ ಆಗ ಕನ್ನಡದ ನಮೂನೆಯೇ ಇರಬೇಕು. ಮನವಿಪತ್ರ ಬರೆದು ಬರೆದು ಪಳಗಿದವರು ನಾವು; ಇಲ್ಲಿ ಮಾತ್ರ ಮನವಿಗಾಗಿ ಕಾದು ಕೂರಬೇಕಾಗಿಲ್ಲ. ಮೂಲ ಬರಹ ತೆರೆದಿರುವಲ್ಲಿ, ಬೆಂಗಳೂರು ಕೊಚ್ಚಿಗಳ ಕಂಪೆನಿಗಳಲ್ಲಿ ದುಡಿಯುವ ನಮ್ಮ ಮಕ್ಕಳೇ ಕನ್ನಡದ ನಮೂನೆಯನ್ನು ಸಿದ್ಧಪಡಿಸಿ ಒಪ್ಪಿಸಬಲ್ಲರು.

ಅವರಿಗೆ ಗಣಕ ಗೊತ್ತು. ಶಬ್ದಗಳಿಗೆ ನಾವು ಬೇಕು. ಪುಸ್ತಕದ 'ಪ್ರವಾಹ' ಸಾಕೋ, ನಮ್ಮ ಮನೆಗಳ 'ನೆರೆ' ಇರಲೋ, ತುಳುವರ 'ಬೊಳ್ಳ'ವನ್ನೂ ಪಕ್ಕದಲ್ಲಿ ಸೇರಿಸೋಣವೋ? ಸಭೆ ಮುಗಿದ ಬಳಿಕ ಹಿರಿಯರು ಐದು ನಿಮಿಷ ಕುಳಿತು ಹೇಳಿದರೆ ನಾನು ಬರೆದುಕೊಳ್ಳುತ್ತೇನೆ.