ಗೆರೆ ಎಳೆದವರು ಹೋದರು, ಕಾವಲು ಉಳಿಯಿತು
(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಆಫ್ರಿಕದ ಅತಿ ದೊಡ್ಡ ಶ್ರೀಮಂತರೆನಿಸಿದ ನೈಜೀರಿಯದ ಅಲಿಕೊ ಡಾಂಗೋಟೆ 2024ರಲ್ಲಿ ಕಿಗಾಲಿಯ ಸಭೆಯೊಂದರಲ್ಲಿ ಒಂದು ಮಾತು ಹೇಳಿದರು. ತಮ್ಮ ಖಂಡದೊಳಗೇ ಓಡಾಡಲು ತಮಗೆ 35 ವೀಸಾ ಬೇಕು, ಫ್ರಾನ್ಸಿನ ಪಾಸ್‌ಪೋರ್ಟು ಹಿಡಿದವನಿಗೆ ಅಷ್ಟು ಬೇಕಿಲ್ಲ ಎಂದು. ಕೋಟ್ಯಧೀಶರ ತಾಪತ್ರಯಕ್ಕೆ ನಾವು ಕಣ್ಣೀರು ಸುರಿಸಬೇಕಾಗಿಲ್ಲ. ಅರ್ಜಿ ಬರೆಯಲು ಅವರಿಗೆ ಗುಮಾಸ್ತರಿದ್ದಾರೆ. ಆದರೆ ಅವರಿಗೇ ಈ ಗತಿಯಾದರೆ, ತಲೆಯ ಮೇಲೆ ಬುಟ್ಟಿ ಹೊತ್ತು ಗಡಿ ದಾಟುವ ಹೆಂಗಸಿನ ಗತಿಯೇನು?

ಈ ಗಡಿಗಳನ್ನು ಆಫ್ರಿಕದ ಜನ ಹಾಕಿದ್ದಲ್ಲ. 1886ರಲ್ಲಿ ಬ್ರಿಟಿಷರೂ ಜರ್ಮನರೂ ಒಪ್ಪಂದ ಮಾಡಿಕೊಂಡು, ಸಮುದ್ರತೀರದಿಂದ ವಿಕ್ಟೋರಿಯಾ ಸರೋವರದವರೆಗೆ ಗೆರೆ ಎಳೆದರು. ಮಸಾಯಿ ದನಗಾಹಿಗಳ ಹುಲ್ಲುಗಾವಲು ಎರಡು ಹೋಳಾಯಿತು. ಇಂದು ಗೆರೆಯ ಆಚೆ ಟಾಂಜಾನಿಯ, ಈಚೆ ಕೀನ್ಯ. ಬಿಳಿಯ ದೊರೆಗಳು ಹೋಗಿ ಅರವತ್ತು ವರ್ಷ ಕಳೆದವು. ಆದರೂ 2017ರಲ್ಲಿ, ಮೇವು ಹುಡುಕಿ ಗಡಿ ದಾಟಿದ ಕೀನ್ಯದ ಮಸಾಯಿಗಳ 1,300ಕ್ಕೂ ಹೆಚ್ಚು ದನಗಳನ್ನು ಟಾಂಜಾನಿಯ ಸರ್ಕಾರ ಹಿಡಿದು ಹರಾಜು ಹಾಕಿತು. ದನಕ್ಕೆ ಹುಲ್ಲು ಕಾಣುತ್ತದೆ, ಗೆರೆ ಕಾಣುವುದಿಲ್ಲ.

1964ರಲ್ಲಿ ಕೈರೋದಲ್ಲಿ ಸೇರಿದ ಆಫ್ರಿಕದ ನಾಯಕರು ಸ್ವಾತಂತ್ರ್ಯ ಬಂದಾಗ ಇದ್ದ ಗಡಿಗಳನ್ನೇ ಮನ್ನಿಸುವುದೆಂದು ನಿರ್ಣಯಿಸಿದರು. ಗಡಿಗಾಗಿ ಅಣ್ಣತಮ್ಮಂದಿರು ಬಡಿದಾಡಬಾರದೆಂಬ ವಿವೇಕ ಅದರಲ್ಲಿತ್ತು. ಆದರೆ ಗೆರೆಯನ್ನು ಉಳಿಸಿಕೊಳ್ಳುವುದು ಬೇರೆ, ಅದರ ಮೇಲೆ ಬೇಲಿ ಹಾಕುವುದು ಬೇರೆ.

2018ರಲ್ಲಿ ಆಫ್ರಿಕ ಒಕ್ಕೂಟ ಎರಡು ಒಪ್ಪಂದಗಳನ್ನು ಮುಂದಿಟ್ಟಿತು. ಸರಕು ಸುಂಕದ ತಡೆಯಿಲ್ಲದೆ ಓಡಾಡಲು ಒಂದು, ಮನುಷ್ಯ ಓಡಾಡಲು ಇನ್ನೊಂದು. ಸರಕಿನ ಒಪ್ಪಂದ ಮರುವರ್ಷವೇ ಜಾರಿಗೆ ಬಂತು. ಮನುಷ್ಯನ ಒಪ್ಪಂದಕ್ಕೆ 15 ದೇಶಗಳ ಅನುಮೋದನೆ ಬೇಕು. 2024 ಮುಗಿಯುವ ವೇಳೆಗೆ ಅನುಮೋದಿಸಿದವು ನಾಲ್ಕೇ! ಸಿಮೆಂಟಿನ ಮೂಟೆಗೆ ಇರುವ ಮರ್ಯಾದೆ ಅದನ್ನು ಹೊರುವವನಿಗೆ ಇಲ್ಲ.

ಬಾಗಿಲು ತೆರೆದರೆ ಹೊರಗಿನವರು ಬಂದು ಕೆಲಸ ಕಸಿಯುತ್ತಾರೆಂದು ಸರ್ಕಾರಗಳು ಹೆದರಿಸುತ್ತವೆ. ಈ ಹೆದರಿಕೆಯ ಫಲವನ್ನು 2008ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕ ಕಂಡಿತು. ಪರದೇಶದಿಂದ ಬಂದ ಬಡವರ ಮೇಲೆ ಸ್ಥಳೀಯ ಬಡವರು ಎರಗಿದರು. 60ಕ್ಕೂ ಹೆಚ್ಚು ಮಂದಿ ಸತ್ತರು. ಒಂದು ಮಾತು ಯೋಚಿಸಿ. ಕಾಗದಪತ್ರವಿಲ್ಲದವನು ಕಡಿಮೆ ಕೂಲಿಗೆ ಒಪ್ಪಬೇಕು, ಸಂಘ ಸೇರಲು ಅಂಜಬೇಕು. ಲಾಭ ಯಾರಿಗೆ? ಮಾಲೀಕನಿಗೆ. ಸ್ಥಳೀಯ ಕಾರ್ಮಿಕನ ಕೂಲಿಯನ್ನು ಇಳಿಸುವುದು ಹೊರಗಿನಿಂದ ಬಂದವನಲ್ಲ, ಅವನ ಹಕ್ಕಿಲ್ಲದ ಸ್ಥಿತಿ.

ಇದೇ ನೆಲದಲ್ಲಿ 1913ರಲ್ಲಿ ಗಾಂಧೀಜಿಯವರ ಜೊತೆ ಎರಡು ಸಾವಿರಕ್ಕೂ ಮಿಕ್ಕ ಭಾರತೀಯ ಕೂಲಿಗಾರರು, ಪರವಾನಗಿಯಿಲ್ಲದೆ, ನೇಟಾಲ್‌ನಿಂದ ಟ್ರಾನ್ಸ್‌ವಾಲ್ ಗಡಿ ದಾಟಿ ನಡೆದರು. ಓಡಾಡುವ ಹಕ್ಕು ದುಡಿಯುವವನ ಹಕ್ಕೆಂಬುದನ್ನು ಅವರಿಗೆ ಯಾರೂ ಪುಸ್ತಕದಿಂದ ಓದಿ ಹೇಳಬೇಕಾಗಿರಲಿಲ್ಲ.

ರುವಾಂಡ, ಬೆನಿನ್, ಗಾಂಬಿಯ, ಸೇಷೆಲ್ಸ್ ದೇಶಗಳು ಎಲ್ಲ ಆಫ್ರಿಕನ್ನರಿಗೂ ವೀಸಾ ಇಲ್ಲದೆ ಬಾಗಿಲು ತೆರೆದಿವೆ. ಅವೇನೂ ಮುಳುಗಿಹೋಗಿಲ್ಲ. ಹಣಕ್ಕೆ, ಸರಕಿಗೆ ತೆರೆದ ಬಾಗಿಲು ದುಡಿಯುವ ಮನುಷ್ಯನಿಗೂ ತೆರೆಯಬೇಕು. ಅಲ್ಲಿಯವರೆಗೆ ಆಫ್ರಿಕದ ಸ್ವಾತಂತ್ರ್ಯ ಅರ್ಧ ದಾರಿಯಲ್ಲೇ, ಗಡಿ ಠಾಣೆಯ ಮುಂದೆ, ಸಾಲಿನಲ್ಲಿ ನಿಂತಿರುತ್ತದೆ.