ನಾಲ್ಕು ವರ್ಷದ ವಾದಕರು, ಎರಡು ಶತಮಾನದ ವೃಂದ

ವಾದ್ಯವೃಂದವೊಂದು ಪಕ್ವವಾಗಬೇಕಾದರೆ ಅದರ ವಾದಕರು ಬಹುಕಾಲ ಜೊತೆಗೂಡಿ ನುಡಿಸಬೇಕು. ವಿದ್ಯಾರ್ಥಿಗಳ ವೃಂದಕ್ಕೆ ಆ ಭಾಗ್ಯವಿಲ್ಲ. ಕೈ ಪಳಗುವ ಹೊತ್ತಿಗೆ ಪದವಿ ದೊರೆಯುತ್ತದೆ, ವಾದಕ ಹೊರಟುಹೋಗುತ್ತಾನೆ. ನಾಲ್ಕು ವರ್ಷಗಳಿಗೊಮ್ಮೆ ಬರಿದಾಗುವ ಇಂಥ ಮೇಳ ಎರಡು ಶತಮಾನ ಬಾಳುವುದು ಹೇಗೆ?

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅಂಥದೊಂದು ಸಿಂಫನಿ ವೃಂದವಿದೆ. 1808ರ ಮಾರ್ಚ್ 6ರಂದು ಕೆಲವು ವಿದ್ಯಾರ್ಥಿಗಳು ಕೂಡಿ ಕಟ್ಟಿದ 'ಪಿಯೇರಿಯನ್ ಸೊಡಾಲಿಟಿ' ಎಂಬ ಸಂಘವೇ ಅದರ ಮೂಲ. ಪಿಯೇರಿಯ ಎಂಬುದು ಗ್ರೀಕರ ಕಲಾದೇವಿಯರ ತವರು. ಹೆಸರು ಘನವಾದದ್ದು, ಬಳಗ ಮಾತ್ರ ಪುಟ್ಟದು. ಸಂಗೀತವನ್ನು ಕಲಿಸಲು ಆಗ ಅಲ್ಲಿ ಪ್ರಾಧ್ಯಾಪಕರೇ ಇರಲಿಲ್ಲ. ಜಾನ್ ನೋಲ್ಸ್ ಪೇನ್ ಆ ಪದವಿಗೆ ಬಂದದ್ದು 1875ರಲ್ಲಿ. ಗುರುಪೀಠಕ್ಕಿಂತ 67 ವರ್ಷ ಮೊದಲೇ ಶಿಷ್ಯರ ಸಂಗೀತ ಮೊದಲಾಗಿತ್ತು!

1832ರಲ್ಲಿ ಸಂಘಕ್ಕೆ ಕುತ್ತು ಬಂತು. ಉಳಿದವನು ಹೆನ್ರಿ ಗ್ಯಾಸೆಟ್ ಎಂಬ ಒಬ್ಬನೇ ಸದಸ್ಯ. ಸಂಘದ ಇತಿಹಾಸ ಹೇಳುವಂತೆ, ಆತ ತಾನೊಬ್ಬನೇ ಸಭೆ ಸೇರಿಸಿ, ತಾನೊಬ್ಬನೇ ಕೊಳಲು ನುಡಿಸುತ್ತಿದ್ದ. ಮತ್ತೊಬ್ಬನನ್ನು ಒಲಿಸಿ ಕರೆತರುವವರೆಗೂ ಬಿಡಲಿಲ್ಲ. ನಗು ಬರುವ ಸಂಗತಿಯೇ ಸರಿ. ಆದರೆ ಅಂದು ಅವನು ಬಾಗಿಲು ಮುಚ್ಚಿದ್ದರೆ ತಪ್ಪೆನ್ನುವವರು ಯಾರೂ ಇರುತ್ತಿರಲಿಲ್ಲ, ಮುಂದಿನದೊಂದೂ ಇರುತ್ತಿರಲಿಲ್ಲ.

ಮುಂದಿನದು ಅಲ್ಪವಲ್ಲ. ಐದೇ ವರ್ಷಗಳ ತರುವಾಯ, 1837ರಲ್ಲಿ, ಈ ಬಳಗದ ಹಳೆಯ ಸದಸ್ಯರು ಹಾರ್ವರ್ಡ್ ಮ್ಯೂಸಿಕಲ್ ಅಸೋಸಿಯೇಷನ್ ಅನ್ನು ಸ್ಥಾಪಿಸಿದರು. ಆ ಸಂಸ್ಥೆ ನಡೆಸಿದ ವಾದ್ಯವೃಂದದ ಕಛೇರಿಗಳನ್ನು ಬಾಸ್ಟನ್ ನಗರ ಕೇಳಿತು. ಅಲ್ಲಿನ ಪ್ರಸಿದ್ಧ ಸಿಂಫನಿ ಆರ್ಕೆಸ್ಟ್ರಾ ಹುಟ್ಟಿದ್ದು ಅದಾದ ಮೇಲೆ, 1881ರಲ್ಲಿ. 1942ರಲ್ಲಿ, ಮಹಾಯುದ್ಧದ ದಿನಗಳಲ್ಲಿ, ರ್ಯಾಡ್‌ಕ್ಲಿಫ್ ಮಹಿಳಾ ಕಾಲೇಜಿನ ವಾದಕಿಯರು ಜೊತೆಗೂಡಿದರು. ಹಾರ್ವರ್ಡ್-ರ್ಯಾಡ್‌ಕ್ಲಿಫ್ ಆರ್ಕೆಸ್ಟ್ರಾ ಎಂಬ ಹೆಸರು ಬಂತು.

ಒಬ್ಬ ಸಮರ್ಥ ನಿರ್ದೇಶಕನಿದ್ದರೆ ಸಾಲದೆ ಎಂದು ಕೇಳಬಹುದು. ಜೇಮ್ಸ್ ಯಾನಟೋಸ್ 1964ರಿಂದ 2009ರವರೆಗೆ, 45 ವರ್ಷ, ಈ ವೃಂದವನ್ನು ನಡೆಸಿದರು. ಅದು ದೊಡ್ಡ ಆಸರೆ, ನಿಜ. ಆದರೆ ಗ್ಯಾಸೆಟ್‌ನ ಎದುರಿಗೆ ಬೆತ್ತ ಹಿಡಿದು ತಾಳ ತೋರುವವರು ಯಾರೂ ಇರಲಿಲ್ಲ.

ಸಿಂಫನಿ ಒಬ್ಬನಿಂದ ಆಗುವ ಕೆಲಸವಲ್ಲ. ಅದನ್ನು ನುಡಿಸುವ ಸಂಘವನ್ನು ಒಂದು ವರ್ಷದ ಮಟ್ಟಿಗೆ ಒಬ್ಬ ಉಳಿಸಬಲ್ಲ. ಊರೂರುಗಳಲ್ಲಿ ಸದಸ್ಯರು ಕರಗುತ್ತಿರುವ ಕಲಾಸಂಘಗಳ ಕಾರ್ಯದರ್ಶಿಗಳು ಇಷ್ಟನ್ನು ನೆನಪಿನಲ್ಲಿಡಬಹುದು.