ಬಣ್ಣ ಕಣ್ಣಿಗೆ ಕಾಣುತ್ತದೆ, ಜಾತಿಯನ್ನು ಕೇಳಿ ತಿಳಿಯುತ್ತಾರೆ

(ಗೋವಿನಕೋವಿಯಲ್ಲಿ ವಿದ್ಯಾರ್ಥಿ-ಯುವಜನರ ಸಭೆಯಲ್ಲಿ ಆಡಿದ ಮಾತು)



ಅಮೆರಿಕದ ಕಪ್ಪು ಜನಾಂಗದ ಪತ್ರಕರ್ತೆ ಇಸಾಬೆಲ್ ವಿಲ್ಕರ್ಸನ್ 2020ರಲ್ಲಿ 'ಕಾಸ್ಟ್' ಅನ್ನೋ ಪುಸ್ತಕ ಬರೆದರು. ಬಹಳ ಜನ ಓದಿದರು. 2023ರಲ್ಲಿ ಅದರಿಂದ ಒಂದು ಸಿನಿಮಾನೂ ಬಂತು. ಅಮೆರಿಕದ ವರ್ಣಭೇದ, ಹಿಟ್ಲರನ ಜರ್ಮನಿ, ನಮ್ಮ ಜಾತಿ, ಈ ಮೂರೂ ಒಂದೇ ಬಗೆಯ ಕಟ್ಟಡ ಅಂತ ಆಕೆಯ ವಾದ. ಆ ತಾಯಿ ನಮ್ಮ ನೋವನ್ನು ಜಗತ್ತಿನ ಕಿವಿಗೆ ಮುಟ್ಟಿಸಿದರು, ಅದಕ್ಕೆ ಶರಣು. ವಾದವನ್ನು ಮಾತ್ರ ನಾವು ಒಪ್ಪುವುದಿಲ್ಲ.

ಹೊನ್ನಾಳಿ ಸೀಮೆಯ ಗದ್ದೆಯಲ್ಲಿ ನಾಟಿಗೆ ಇಳಿದವರನ್ನು ನೋಡ್ರಿ. ಯಾರ ಜಾತಿ ಯಾವುದು ಅಂತ ಮೈಬಣ್ಣ ಹೇಳುತ್ತದೇನು? ಬಿಸಿಲು ಎಲ್ಲರನ್ನೂ ಒಂದೇ ಸಮ ಸುಟ್ಟಿದೆ. ಅದಕ್ಕೇ ಇಲ್ಲಿ ಕೇಳುತ್ತಾರೆ: "ಯಾವೂರಪ್ಪ? ಯಾವ ಕೇರಿ? ಯಾರ ಪೈಕಿ?" ಉತ್ತರ ಸಿಕ್ಕ ಮೇಲೆ ಲೋಟ ಬೇರೆಯಾಗುತ್ತದೆ, ಖಾಲಿಯಿದ್ದ ಬಾಡಿಗೆ ಮನೆ ಖಾಲಿ ಇರುವುದಿಲ್ಲ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳು ಆಫ್ರಿಕಾ ಮೂಲದವರು. ಅವರನ್ನು ಏನೂ ಕೇಳಬೇಕಾಗಿಲ್ಲ, ಕಂಡ ಕೂಡಲೆ ಹೀಯಾಳಿಸುತ್ತಾರೆ. ಅದು ವರ್ಣಭೇದ. ಎರಡೂ ನಮ್ಮ ನಾಡಿನಲ್ಲೇ ಇವೆ, ಎರಡೂ ಬೇರೆ ಬೇರೆ.

ಬಾಬಾಸಾಹೇಬರು 1913ರಿಂದ 1916ರವರೆಗೆ ನ್ಯೂಯಾರ್ಕಿನಲ್ಲಿ ಓದಿದವರು. 1946ರಲ್ಲಿ ಕಪ್ಪು ಜನರ ನಾಯಕ ಡುಬಾಯ್ಸ್ ಅವರಿಗೆ ಪತ್ರ ಬರೆದವರು. ಆ ಜನರ ಪಾಡು ಬಲ್ಲವರು. ಆದರೂ 1936ರ 'ಜಾತಿ ವಿನಾಶ'ದಲ್ಲಿ, 1948ರಲ್ಲಿ ಅಸ್ಪೃಶ್ಯರ ಮೂಲ ಕುರಿತು ಬರೆದ ಪುಸ್ತಕದಲ್ಲಿ, ಜಾತಿ ಜನಾಂಗದ ಗೆರೆಯಲ್ಲ ಅಂತ ವಾದಿಸಿದರು. ಮೂಗು ಅಳೆದವರ ಲೆಕ್ಕವನ್ನೇ ಹಿಡಿದು ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗ ಅಂತ ತೋರಿಸಿದರು.

ಕಾನೂನನ್ನೇ ನೋಡ್ರಿ. ಅಮೆರಿಕದಲ್ಲಿ ವರ್ಣಭೇದದ ವಿರುದ್ಧ 1964ರಲ್ಲೇ ದೊಡ್ಡ ಕಾಯಿದೆ ಬಂತು. ಆದರೂ 2023ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯ ನಿಷೇಧಿಸಲು 'ಜಾತಿ' ಅನ್ನೋ ಪದವನ್ನೇ ಬೇರೆಯಾಗಿ ಸೇರಿಸಬೇಕಾಯಿತು. ಎರಡೂ ಒಂದೇ ಆಗಿದ್ದರೆ ಯಾಕೆ ಸೇರಿಸಬೇಕಿತ್ತು?

2001ರ ಡರ್ಬನ್ ಸಮ್ಮೇಳನದಲ್ಲಿ ಭಾರತ ಸರ್ಕಾರವೂ ಜಾತಿ ಬೇರೆ, ವರ್ಣಭೇದ ಬೇರೆ ಅಂದಿತ್ತು. ಜಾತಿಯ ಮಾತೇ ಅಲ್ಲಿ ಬರಬಾರದು ಅಂತ ಅದರ ಹಟ. ನಮ್ಮದು ಆ ಮಾತಲ್ಲ. ರೋಗ ಬೇರೆ, ಆದ್ದರಿಂದ ಮದ್ದೂ ಬೇರೆ ಬೇಕು ಅಂತ ನಾವು ಹೇಳುತ್ತೇವೆ.

ವಿಲ್ಕರ್ಸನ್ ಕೊನೆಗೆ ಕೊಡುವ ಮದ್ದು ಅನುಕಂಪ. ಒಬ್ಬೊಬ್ಬರ ಮನಸ್ಸೂ ಇನ್ನೊಬ್ಬರ ನೋವು ಅರಿಯಲಿ ಅಂತಾರೆ. ಅರಿಯಲಿ, ಬೇಡ ಅನ್ನೋರು ಯಾರು? ಆದರೆ ಅನುಕಂಪ ಬರಲಿ ಅಂತ ಕಾಯುತ್ತ ಕೂತಿದ್ದರೆ 1927ರಲ್ಲಿ ಮಹಾಡಿನ ಕೆರೆಯ ನೀರು ಮುಟ್ಟುವುದಕ್ಕೆ ಆಗುತ್ತಿರಲಿಲ್ಲ. ಜಾತಿಗೆ ಪವಿತ್ರ ಪಟ್ಟ ಕಟ್ಟಿದ ಶಾಸ್ತ್ರದ ಅಧಿಕಾರ ಮುರಿಯಬೇಕು, ಜಾತಿ ಮೀರಿ ಮದುವೆಯಾಗಬೇಕು ಅಂತ ಬಾಬಾಸಾಹೇಬರು ಹೇಳಿದರು. ದುಡಿಯುವವನ ಕೈಗೆ ಭೂಮಿ ಬರಬೇಕು ಅಂತ ನಮ್ಮ ಚಳವಳಿ ಹೇಳಿತು.

ಇನ್ನೊಂದು ಮಾತು. ಅಮೆರಿಕವನ್ನು ಆಕೆ ಮೇಲಿನವರು, ನಡುವಿನವರು, ತಳದವರು ಅಂತ ಮೂರು ಪಾಲು ಮಾಡುತ್ತಾರೆ. ನಮ್ಮದು ಏಣಿ. ಪ್ರತಿಯೊಬ್ಬನಿಗೂ ತುಳಿಯೋಕೆ ಕೆಳಗೆ ಒಂದು ತಲೆ ಸಿಗುತ್ತದೆ. ಹೊಲೆಯ, ಮಾದಿಗ ಅಂತ ನಾವು ನಾವೇ ಬೇರೆ ಬೇರೆ ತಟ್ಟೆ ಹಿಡಿದು ಕೂತರೆ ಮನುವಿಗೆ ಬೇರೆ ಕೂಲಿಯಾಳು ಬೇಕೇನು? ಆ ಪುಸ್ತಕವನ್ನು ಓದ್ರಿ, ಅದರ ಜೊತೆ ಜಗಳವನ್ನೂ ಆಡ್ರಿ. ಆಮೇಲೆ ಹಾಸ್ಟೆಲಿನ ಊಟದ ಸಾಲಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಅಂತ ಒಮ್ಮೆ ನೋಡ್ರಿ. ಕೆಲಸ ಅಲ್ಲಿಂದ ಶುರುವಾಗಲಿ.

ಜೈಭೀಮ್.